ಒಂದು ಅಡ್ಡಗೆರೆ

ರಾತ್ರಿ ಎರಡಕ್ಕೆ ಬೇಕರಿಗೆ ಹೊರಡಬೇಕು.
ಅಷ್ಟರೊಳಗೆ ಮುಗಿಯಲೆಂದು ಸಂಜೆಯೇ ಕೆಲಸಕ್ಕೆ ಹಚ್ಚಿದ್ದೆ
ಎಫಿ ಲಾರಿಮರಳ ಹಳೇ ಲ್ಯಾಪ್‌ಟಾಪನ್ನು,
ಡಂಡೀಯ ಹಿಲ್‌ಟೌನ್ ಏರಿನಲ್ಲಿ, ಮೂರನೆಯ ಮಹಡಿಯ
ನನ್ನ ಅಡುಗೆಮನೆಯ ಮೇಜಿನ ಮೇಲೆ.
ಕಿಟಕಿಯಾಚೆ ಟೇ ನದಿ. ಕಾಣುವುದಿಲ್ಲ;
ಸೇತುವೆಯ ಮೇಲೆ ಕೊನೆಯ ರೈಲು ದಾಟುವಾಗ
ದೀಪದ ಸಾಲೊಂದು, ಕೆಳಗೆ ನೀರಿದೆ ಎಂದು ಹೇಳಿ ಹೋಗುತ್ತದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ಲಿನಕ್ಸು
ಕಟ್ಟಿದ ಬುತ್ತಿ ಕೊಡುವುದಿಲ್ಲ.
ಅಕ್ಕಿ ಬೇಳೆ ಅಳೆದು ಕೊಟ್ಟು, ಬೇಯಿಸಿಕೋ ಎನ್ನುತ್ತದೆ.
ಒಂದೊಂದು ಪೊಟ್ಟಣಕ್ಕೂ ಮೊದಲು ವಿಚಾರಣೆ:
ಚಿತ್ರ ಬೇಕೆ, ಮುದ್ರಣ ಬೇಕೆ, ಬ್ಲೂಟೂತ್ ಬೇಕೆ, ದನಿ ಬೇಕೆ?
ಬೇಕಾದರೆ ಹೆಸರು ಬರೆ.
ಬೇಡವಾದರೆ ಹೆಸರಿನ ಎಡಕ್ಕೆ ಒಂದು ಅಡ್ಡಗೆರೆ.
ಅಷ್ಟೆ. ಉಗುರಿನಷ್ಟು ಗೀಟು.

ನಾನು ಇದಕ್ಕೆ ಮರುಳಾದದ್ದೇ ಆ ಗೀಟಿಗಾಗಿ.
ಸ್ಕೂಲಿನಲ್ಲಿ ಹೊಲಿಗೆ ಕಡ್ಡಾಯ,
ಮದುವೆಯಲ್ಲಿ ಮೌನ ಕಡ್ಡಾಯ,
ಬೇಕರಿಯಲ್ಲಿ ಕೂದಲಿಗೆ ಬಲೆ ಕಡ್ಡಾಯ;
ಇಲ್ಲಿ ಮಾತ್ರ ನಾನು ಬೇಡವೆಂದದ್ದು ಬೇಡವೇ ಆಗುತ್ತಿತ್ತು.
ಗ್ರಂಥಾಲಯದ ಮುದಿ ಯಂತ್ರಗಳಿಗೆ ಬಿಟ್ಟಿ ದುಡಿಯಲು ನಿಂತಾಗಲೂ
ಭಾರ ತಾಳಲಾರವು ಪಾಪ ಎಂದು
ಸಿಕ್ಕಲ್ಲೆಲ್ಲ ಗೀಟು ಎಳೆದೆ,
ಮೊರದಲ್ಲಿ ಕಲ್ಲು ಆರಿಸುವವಳ ಗತ್ತಿನಲ್ಲಿ.

ಎಫಿ ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು.
ಕಣ್ಣು ಕಾಣದು. ತೆರೆಯ ಮೇಲಿನದನ್ನೆಲ್ಲ
ಯಂತ್ರವೇ ಓದಿ ಹೇಳಬೇಕು.
ಮಂಗಳವಾರ ಹೊಸದಾಗಿ ಬೇಯಿಸಿ ಕೊಟ್ಟಿದ್ದೆ.
ಬುಧವಾರ ಫೋನು ಬಂತು. ಸಿಟ್ಟೇನಿಲ್ಲ.
"ಬದುಕಿದೆಯೋ ಸತ್ತಿದೆಯೋ ತಿಳಿಯುತ್ತಿಲ್ಲ,
ಬೆಚ್ಚಗಂತೂ ಇದೆ" ಎಂದಳು.
ರಾತ್ರಿಯೆಲ್ಲ ಅದರ ಮೇಲೆ ಅಂಗೈ ಇಟ್ಟು ಕೂತಿದ್ದಳಂತೆ,
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.

ದನಿಯ ಎಡಕ್ಕೆ, ನನ್ನದೇ ಗೀಟು.

ಬೇಕರಿಯಲ್ಲೂ ಒಮ್ಮೆ ಉಪ್ಪು ಮರೆತಿದ್ದೆ.
ನಾನೂರು ಬನ್ನು. ಬಣ್ಣ, ಉಬ್ಬು, ಎಲ್ಲ ಸರಿ.
ಡೂಗಲ್ ಒಂದನ್ನು ಕಚ್ಚಿದ, ಏನೂ ಅನ್ನಲಿಲ್ಲ,
ಎಲ್ಲವನ್ನೂ ಹಂದಿಗಳಿಗೆ ಕಳಿಸಿದ.
ಮರುವಾರ ಉಪ್ಪಿನ ಡಬ್ಬಿ ಕಪಾಟಿನಲ್ಲಿರಲಿಲ್ಲ;
ಹಿಟ್ಟಿನ ಚೀಲದೊಳಗೇ ಬೆರೆತು ಬರತೊಡಗಿತು.
ಕೈ ಕತ್ತರಿಸಿದ ಹಾಗಾಗಿತ್ತು ಆಗ.

ಈಗ ಅದೇ ಕೆಲಸ ನಾನು ಮಾಡುತ್ತಿದ್ದೇನೆ.
ಕಡ್ಡಾಯದ್ದೇ ಒಂದು ಕಡತವಿದೆ.
ಅದರಲ್ಲಿ ಬರೆದದ್ದಕ್ಕೆ ಯಾರ ಗೀಟೂ ತಾಗದು.
ನನ್ನ ಗೀಟು ಕೂಡ.
ಎಫಿಯದೂ ಸೇರಿ ಹನ್ನೊಂದು ಯಂತ್ರಗಳಿಗೆ
ಒಂದೇ ಪದ ಬರೆದೆ.

"ನನಗೆ ಕಣ್ಣಿದೆ, ನನಗ್ಯಾಕೆ ಇದರ ಹೊರೆ?"
ಗ್ರಂಥಾಲಯದ ಹುಡುಗ ರೋರಿ ಕೇಳಿದ.
ನ್ಯಾಯವೇ. ಅರ್ಧ ಗಂಟೆ ಹೆಚ್ಚು ಬೇಯಬೇಕು,
ಜಾಗವೂ ತಿನ್ನುತ್ತದೆ.
ಉತ್ತರ ಹೊಳೆಯದೆ ಚಹಾಕ್ಕೆ ನೀರಿಟ್ಟೆ.
"ನಾಳೆ ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೋ" ಎಂದೆ ಆಮೇಲೆ.
ಅದು ಉತ್ತರವೋ ಅಲ್ಲವೋ. ಚಹಾ ಕುಡಿದು ಹೋದ.

ಕಡ್ಡಾಯವಾದದ್ದು ತೆರೆಯ ಮೇಲೆ
ಆವರಣ ಚಿಹ್ನೆಯೊಳಗೆ ಕಾಣುತ್ತದೆ:
(ದನಿ)
ಬೇಲಿ ಎಂದುಕೊಂಡೇ ನೋಡುತ್ತಿದ್ದೆ ಇಷ್ಟು ವರ್ಷ.
ಗಾಳಿಗೆ ಹಣತೆ ಆರದಂತೆ ಹಿಡಿದ
ಎರಡು ಅಂಗೈ ಎಂದೂ ಓದಬಹುದು.
ಬೇಲಿಯೂ ಹೌದು.

ಒಂದು ನಲವತ್ತಕ್ಕೆ ಫ್ಯಾನು ನಿಂತಿತು.
ಕೋಟು ತೊಟ್ಟು, ದೀಪ ಆರಿಸಿ,
ಕತ್ತಲಲ್ಲೇ ಗುಂಡಿ ಒತ್ತಿದೆ.
ಒಂದಿಷ್ಟು ತಡವರಿಸಿ, ಮೂಗಿನಲ್ಲಿ,
ಯಾವ ಊರಿನದೂ ಅಲ್ಲದ ಉಚ್ಚಾರದಲ್ಲಿ
ಅದು ಕೇಳಿತು: ಹೆಸರು?

ಕೇಳಿದ್ದು ಎಫಿಯದನ್ನು.
ಅದಕ್ಕೆ ಕಿವಿಯಿಲ್ಲವೆಂದೂ ಗೊತ್ತಿತ್ತು.
ಮೆಟ್ಟಿಲಿಳಿಯಬೇಕಾದವಳು ನಿಂತು
ನನ್ನದನ್ನು ಹೇಳಿದೆ, ಪೂರ್ತಿಯಾಗಿ.